ಅಣ್ಣ ಬರೆಸಿದ್ದ ಗೇಟಿನ ನಂಬರು

ಅಣ್ಣ ಮೆಕ್ಯಾನಿಕಲ್ ಇಂಜಿನಿಯರ್. ಮೊದಲು ಆಸ್ಪತ್ರೆ, ಹೋಟೆಲುಗಳಿಗೆ ಎಸಿ, ನೀರಿನ ಪಂಪು, ಪೈಪು ಹಾಕಿಸುತ್ತಿದ್ದ. ಆಮೇಲೆ ಇಪ್ಪತ್ತು ವರ್ಷ ಮಿಲಿಟರಿ ಕಟ್ಟಡಗಳ ಕೆಲಸ. ಎಲ್ಲಿ ಎಂದು ನಮಗೂ ಹೇಳುತ್ತಿರಲಿಲ್ಲ. "ನೆಲದೊಳಗೆ ಕೂತವರಿಗೆ ಗಾಳಿ ಕಳಿಸೋದು, ಅಷ್ಟೇ" ಎನ್ನುತ್ತಿದ್ದ. ಯಾರ ಮನೆಗೆ ಹೋದರೂ ಅವನು ಮೊದಲು ನೋಡುವುದು ಸೂರನ್ನು, ಆಮೇಲೆ ಮನುಷ್ಯರನ್ನು.

ಹೊಸ ಯಂತ್ರ ಕೂರಿಸಿದರೆ ಮೂರು ದಿನ ನಿಲ್ಲಿಸದೆ ಓಡಿಸಿ ನೋಡಬೇಕು. ಅಷ್ಟು ಹೊತ್ತೂ ಅವನು ಅಲ್ಲೇ. ಮೊಬೈಲನ್ನು ಗೇಟಿನಲ್ಲಿ ಕೊಟ್ಟೇ ಒಳಗೆ ಹೋಗಬೇಕು. ಅದಕ್ಕೇ ಗೇಟಿನ ಲ್ಯಾಂಡ್‌ಲೈನ್ ನಂಬರನ್ನು ನನ್ನ ಕೈಲಿ ಬರೆಸಿದ್ದ. "ಅಮ್ಮಂಗೆ ಏನಾದ್ರೂ ಆದ್ರೆ ಇದಕ್ಕೆ ಮಾಡು. ಅವರು ಬಂದು ಕರೀತಾರೆ."

ಯಂತ್ರದ ಅಂಥದೇ ಒಂದು ಓಟದ ನಡುವೆ ಅಮ್ಮ, ನರಸಿಂಹರಾಜಪುರದ ನಮ್ಮ ಮನೆಯಲ್ಲಿ, ಕಾಫಿ ಕುಡಿಯುತ್ತಲೇ ಕುಸಿದು ತೀರಿಕೊಂಡಳು. ನಾನು ಅಣ್ಣನ ಮೊಬೈಲಿಗೆ ಸಂಜೆಯವರೆಗೂ ಮಾಡುತ್ತಲೇ ಇದ್ದೆ. ಇನ್ನೊಂದು ನಂಬರು ನೆನಪಿಗೇ ಬರಲಿಲ್ಲ. ಚಿತೆಗೆ ಬೆಂಕಿ ಕೊಟ್ಟವನು ಚಿಕ್ಕಪ್ಪನ ಮಗ.

ನಾಲ್ಕನೇ ದಿನ ಅಣ್ಣ ಬಂದ. ಕೊಪ್ಪದಿಂದ ಬಂದಿದ್ದ ಸೋದರತ್ತೆ ಜಗಲಿಯಲ್ಲೇ ಹಿಡಿದಳು: "ಬಂದ್ಯಾ ಮಾರಾಯ? ನಿನ್ನ ಮಿಷಿನ್ನಿಗೆ ಜ್ವರ ಬಿಡ್ತಾ?"

ಅವನು ಒಳಗೆ ಬಂದು, ಬಚ್ಚಲ ಹತ್ತಿರ ನನ್ನೊಬ್ಬಳನ್ನೇ ಕೇಳಿದ: "ಗೇಟಿಗೆ ಮಾಡಿದ್ಯಾ?"

"ಇಲ್ಲ" ಎಂದೆ.

ಕೈಕಾಲು ತೊಳೆದುಕೊಂಡ. "ಹೋಗ್ಲಿ. ಯಾರ ಹತ್ರನೂ ಹೇಳ್ಬೇಡ. ನನ್ನ ಬೈದು ಅವರಿಗೆ ಅಭ್ಯಾಸ ಆಗಿದೆ."

ನಾನು ಹೇಳಲಿಲ್ಲ. ಒಂಬತ್ತು ವರ್ಷ ಹೇಳಲಿಲ್ಲ. ಅವನು ನಿವೃತ್ತನಾಗಿ, ಶೃಂಗೇರಿಯಲ್ಲಿ ಬಾಡಿಗೆ ಮನೆ ಹಿಡಿದು, ಲಾಡ್ಜುಗಳ ಬಿಸಿನೀರಿನ ಪಂಪು ರಿಪೇರಿ ಮಾಡಿಕೊಡುತ್ತಿದ್ದ ಕಾಲಕ್ಕೂ ಮದುವೆ ಮುಂಜಿಗಳಲ್ಲಿ ಆ ಮಾತು ಬರುತ್ತಿತ್ತು. ಅವನು ಪಾಯಸ ಬಡಿಸಿಕೊಂಡು ನಗುತ್ತಿದ್ದ. ನಾನು ಎಲೆ ನೋಡುತ್ತಿದ್ದೆ.

ಈ ವರ್ಷ ಅಣ್ಣನೂ ಹೋದ. ಹದಿಮೂರನೇ ದಿನದ ಊಟ ಮುಗಿದು ಎಲ್ಲರೂ ಎಲೆ ಅಡಿಕೆ ಹಾಕುತ್ತಿದ್ದಾಗ ಅತ್ತೆ ಮತ್ತೆ ತೆಗೆದಳು: "ಕೆಲಸದಲ್ಲಿ ಬುದ್ಧಿವಂತ, ಹೌದು. ಹೆತ್ತವಳಿಗೆ ಬೆಂಕಿ ಕೊಡ್ಲಿಕ್ಕೆ ಮಾತ್ರ ಪುರಸೊತ್ತಾಗ್ಲಿಲ್ಲ ಅವಂಗೆ."

"ಅತ್ತೆ, ಕರೆದಿದ್ರೆ ಅವ ಬರ್ತಿದ್ದ. ಬೇರೆ ನಂಬರು ಕೊಟ್ಟಿದ್ದ. ನಾನೇ ಮಾಡ್ಲಿಲ್ಲ."

ಅಡಿಕೆ ಕತ್ತರಿಸುತ್ತಿದ್ದ ಅವಳ ಕೈ ನಿಂತಿತು. "ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ ಕೂಸೇ?"

ಅವನೇ ಬೇಡ ಅಂದಿದ್ದ ಎಂಬ ಉತ್ತರ ಬಾಯಿಗೆ ಬಂದಿತ್ತು. ಅದನ್ನೂ ಅವನ ಮೇಲೆ ಹಾಕಲು ಮನಸ್ಸಾಗಲಿಲ್ಲ.

"ಹೆದರಿಕೆ ಆಯ್ತು" ಎಂದೆ.