ವೆಂಕಟರತ್ನಮ್ಮನ ಹಾಲು

ಕ್ಯಾಸಂಬಳ್ಳಿ ಹತ್ತಿರದ ಆ ಊರಿನಲ್ಲಿ ಯಾರ ಮನೆಯಲ್ಲಿ ಮೊಸರು ಕೆಟ್ಟರೂ ಹೆಪ್ಪಿಗೆ ಓಡುತ್ತಿದ್ದುದು ವೆಂಕಟರತ್ನಮ್ಮನ ಮನೆಗೆ. ಚಿನ್ನದ ಗಣಿ ಮೈಸೂರು ಮೈನ್ಸ್‌ನಲ್ಲಿ ಕೂಲಿಗಿದ್ದ ಗಂಡ ಎಪ್ಪತ್ತೈದನೇ ಇಸವಿಯಲ್ಲಿ ತೀರಿಕೊಂಡ ಮೇಲೆ, ಎರಡು ಎಮ್ಮೆ ಕಟ್ಟಿಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವರು ಅವರು. ಅವರ ಹಾಲಿಗೆ ನೀರು ಸೋಕಿದೆ ಎನ್ನುವ ಧೈರ್ಯ ಇಪ್ಪತ್ತೆರಡು ವರ್ಷ ಯಾರಿಗೂ ಬಂದಿರಲಿಲ್ಲ. ಕೊನೆಗೆ ಹಾಗೆ ಹೇಳಿದ ಪುಣ್ಯಾತ್ಮ ನಾನೇ.

ತೊಂಬತ್ತೇಳರ ಮಾತು. ಬಂಗಾರಪೇಟೆಯಲ್ಲಿ ಸಿ ಪ್ಲಸ್ ಪ್ಲಸ್ ಎಂಬ ಕಂಪ್ಯೂಟರ್ ಭಾಷೆ ಕಲಿತು ಕಾಲು ನೆಲದ ಮೇಲೆ ನಿಲ್ಲದ ದಿನಗಳು ನನ್ನವು. ಆ ಊರಿನ ಖಾಸಗಿ ಡೈರಿಗೆ ಕಂಪ್ಯೂಟರ್ ಬಂತು, ಅದರ ಪ್ರೋಗ್ರಾಮ್ ಬರೆದು ನಡೆಸುವ ಕೆಲಸಕ್ಕೆ ನಾನು ಸೇರಿದೆ. ‘ಹಾಲು’ ಎಂದೊಂದು ಕ್ಲಾಸ್, ಅಂದರೆ ಒಂದು ಜಾತಿ, ಮಾಡಿದೆ. ಅದರಿಂದ ಹುಟ್ಟಿದವು ಎರಡು, ‘ಹಸುವಿನ ಹಾಲು’ ಮತ್ತು ‘ಎಮ್ಮೆ ಹಾಲು’. ಎಮ್ಮೆಯದು ಗಟ್ಟಿ ಹಾಲು, ಹಾಗಾಗಿ ಅದರ ಪರೀಕ್ಷೆಯೇ ಬೇರೆ, ಹಾಲು ತುಸು ತೆಳುವಾಗಿದ್ದರೂ ನೀರು ಬೆರೆತಿದೆ ಎನ್ನುವಂಥದ್ದು. ಡೈರಿಯಲ್ಲಿ ಎಮ್ಮೆಯವರ ಸಾಲು ಬೇರೆ ನಿಲ್ಲುತ್ತಿತ್ತಲ್ಲ, ಆ ಸಾಲಿನಿಂದ ಬಂದದ್ದನ್ನೆಲ್ಲ ಎಮ್ಮೆಯ ಪರೀಕ್ಷೆಗೆ ಕಳಿಸಿದೆ. ಬರೆದದ್ದನ್ನು ಓದಿ ತಪ್ಪು ಹಿಡಿಯುವ ಕಂಪೈಲರ್ ಒಪ್ಪಲಿಲ್ಲ. ಇದು ಬರೀ ‘ಹಾಲು’, ಎಮ್ಮೆಯದು ಎನ್ನಲು ಆಧಾರವೇನು ಎಂದು ತಕರಾರು ತೆಗೆಯಿತು. ನಾನು ಕಾಸ್ಟ್ ಮಾಡಿದೆ. ಅಂದರೆ, ಎಮ್ಮೆಯದೇ, ನಾನು ಹೇಳುತ್ತಿದ್ದೇನೆ, ಸುಮ್ಮನಿರು ಎಂದು ಅದರ ಬಾಯಿ ಮುಚ್ಚಿಸಿದೆ. ನೀನು ಯಾವ ಹಾಲು ಎಂದು ಮೊದಲು ಕೇಳುವ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಸೋಮಾರಿತನ, ಜೊತೆಗೆ ಜಂಭ.

ಎರಡು ತಿಂಗಳ ಬಳಿಕ ವೆಂಕಟರತ್ನಮ್ಮ ಎಮ್ಮೆಗಳನ್ನು ಮಾರಿ ಸೀಮೆಹಸು ತಂದರು. ಅವರ ಹೆಸರಿನ ಮುಂದೆ ಹಸು ಎಂದು ಕಂಪ್ಯೂಟರಿಗೂ ಏರಿತು. ಆದರೆ ಅವರು ಅಭ್ಯಾಸಬಲದಿಂದ ಹಳೆಯ ಸಾಲಿನಲ್ಲೇ, ನೆರೆಮನೆಯ ಕನಕಮ್ಮನ ಹಿಂದೆ ನಿಂತರು. ಚೀಟಿ ಹೊರಬಂತು. ಡೈರಿ ಮ್ಯಾನೇಜರ್ ಶ್ರೀರಾಮಪ್ಪ ಅದನ್ನು ಗಟ್ಟಿಯಾಗಿ ಓದಿದ: “ನೀರು ಬೆರೆತಿದೆ.”

ವೆಂಕಟರತ್ನಮ್ಮ ನನ್ನತ್ತ ತಿರುಗಿದರು. “ಇದು ಅಸೀನ ಆಲು ಕಣಪ್ಪ, ಎಮ್ಮೇದಲ್ಲ. ಇನ್ನೊಂದ್ ದಪ ನೋಡು.”

“ಕಂಪ್ಯೂಟರ್ ಸುಳ್ಳು ಹೇಳಲ್ಲಮ್ಮ,” ಎಂದೆ, ತಲೆ ಕೂಡ ಎತ್ತದೆ.

ಸಾಲು ಪಿಸುಗುಟ್ಟಿತು. ಮಾರನೆಯ ದಿನದಿಂದ ಅವರು ಡೈರಿಗೆ ಬರಲಿಲ್ಲ, ಅವರ ಮನೆಗೆ ಹೆಪ್ಪಿಗೂ ಯಾರೂ ಹೋಗಲಿಲ್ಲ.

ವಾರದ ನಂತರ ಇನ್ನೊಬ್ಬರ ಹಾಲಿಗೂ ಹಾಗೇ ಚೀಟಿ ಬಂದಾಗ, ಅದನ್ನು ಯಾರೂ ಓದುವ ಮೊದಲೇ ಎತ್ತಿಟ್ಟು ಪ್ರೋಗ್ರಾಮ್ ಬಿಚ್ಚಿ ನೋಡಿದೆ: ಎಮ್ಮೆ ಸಾಲಿಗೆ ಬಂದ ಹಸುವಿನ ಹಾಲನ್ನೂ ನನ್ನ ಕಾಸ್ಟ್ ಎಮ್ಮೆಯ ಪರೀಕ್ಷೆಗೆ ದೂಡಿತ್ತು. ಯಾವ ಹಾಲು ಎಂದು ಕೇಳುವ, ಬಿಟ್ಟಿದ್ದ ಸಾಲನ್ನು ಅಂದೇ ಸೇರಿಸಿ ವೆಂಕಟರತ್ನಮ್ಮನ ಮನೆಗೆ ಹೋದೆ. ತಪ್ಪು ನನ್ನದು ಎಂದು ಹೇಳಿದೆ. ಅವರು ಬೈಯಲಿಲ್ಲ.

“ನೀನು ಡೈರಿತಾವ ಎಲ್ಲಾರ್ ಮುಂದೆ ಅಂದೆ. ಅಲ್ಲೇ ಯೋಳು. ನಾಳೀಕೆ ಬತ್ತೀನಿ,” ಎಂದರು.

ಬಂದರು. ತಿಕ್ಕಿ ತೊಳೆದ ಕ್ಯಾನು, ಒಗೆದ ಸೀರೆ. ಈ ಸಲ ಹಸುವಿನ ಸಾಲಿನಲ್ಲಿ ನಿಂತು ನನ್ನನ್ನೇ ನೋಡಿದರು. ಶ್ರೀರಾಮಪ್ಪ ಪಕ್ಕದಲ್ಲಿದ್ದ. ಕೆಲಸ ಹೋದರೆ ಎಂಬ ಭಯಕ್ಕಿಂತ ಎಲ್ಲರೆದುರು ತಪ್ಪೊಪ್ಪಿಕೊಳ್ಳುವ ನಾಚಿಕೆ ದೊಡ್ಡದಾಗಿತ್ತು. “ಅವತ್ತು ಮಿಷನ್ ಏನೋ ಕೆಟ್ಟಿತ್ತು,” ಎಂದು ಗೊಣಗಿದೆ.

“ಆಯಮ್ಮನ ಕ್ಯಾನು ಬಂದಾಗ್ಲೇ ಕೆಡ್ತಾ ಅದು?” ಎಂದ ಬಚ್ಚಪ್ಪ, ಸಾಲಿನ ಹಿಂದಿನಿಂದ.

ಎಲ್ಲರೂ ನಕ್ಕರು. ದೇವರೇ, ನಾನೂ ನಕ್ಕೆ.

ವೆಂಕಟರತ್ನಮ್ಮ ಕ್ಯಾನಿನ ಮುಚ್ಚಳ ಹಾಕಿಕೊಂಡು ಮನೆಗೆ ನಡೆದರು. ಆ ವಾರವೇ ಹಸು ಮಾರಿದರಂತೆ.

ಎರಡು ವರ್ಷದ ಮೇಲೆ ಅವರು ಹೋದ ಸುದ್ದಿ ಬಂತು, ಮಣ್ಣಿಗೆ ಹೋಗಿದ್ದೆ. ಹೊರಡುವಾಗ ಅಂಗಳದಲ್ಲಿ ಕನಕಮ್ಮ ಯಾರಿಗೋ ಹೇಳುತ್ತಿದ್ದರು: “ಬಂಗಾರದಂಥಾ ಎಂಗ್ಸು. ಕಡೇಗಾಲಕ್ಕೆ ಆಲಿಗೆ ನೀರು ಬೆರುಸ್ಬುಟ್ಲು, ಅದೊಂದೇ.”

ನಾನು ಅಲ್ಲೇ, ನಾಲ್ಕು ಮಾರು ದೂರದಲ್ಲಿ, ತಲೆ ತಗ್ಗಿಸಿ ಚಪ್ಪಲಿ ಮೆಟ್ಟುತ್ತಿದ್ದೆ.