ಜಲಜಾ ಅಂಟಿಸಿದ ಚೀಲ

ಪಶ್ಚಿಮ ದೆಹಲಿಯ ಸರ್ಕಾರಿ ಆಸ್ಪತ್ರೆ. ಸರ್ಜರಿ ವಾರ್ಡಿನ ಕಿಟಕಿಯಾಚೆ ಜನವರಿಯ ಮಂಜು ಇನ್ನೂ ಕರಗಿಲ್ಲ. ಜಲಜಾ ಸಿಸ್ಟರ್ ಹೊಸ ಚೀಲದ ಅಂಟುಬಿಲ್ಲೆಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡುತ್ತಿದ್ದಾರೆ. "ತಣ್ಣಗಿದ್ರೆ ಹಿಡಿಯಲ್ಲ ಕಣ್ರೀ. ಕೋಳಿ ಮೊಟ್ಟೆಗೆ ಕೊಟ್ಟ ಹಾಗೆ ಕಾವು ಕೊಡಬೇಕು." ಮಂಚದ ಮೇಲಿನ ಅನಂತರಾಮ ನಗಲು ಹೋಗಿ, ಹೊಟ್ಟೆ ಹಿಡಿದುಕೊಳ್ಳುತ್ತಾರೆ.

ಅನಂತರಾಮ ಜನಕಪುರಿಯಲ್ಲಿ ಮನೆಮಾಡಿಕೊಂಡಿರುವ ಗುಮಾಸ್ತ. ಟೈಫಾಯ್ಡಿನಲ್ಲಿ ಕರುಳು ತೂತಾಗಿ ಆಪರೇಷನ್ ಆಯಿತು. ಸೋಂಕು ಜಾಸ್ತಿ, ಮೈಯಲ್ಲಿ ಶಕ್ತಿ ಕಮ್ಮಿ. ಒಳಗಿನ ಹೊಲಿಗೆ ಬಿಟ್ಟುಕೊಂಡಿತು. ಕರುಳಲ್ಲಿದ್ದದ್ದು ಹೊಟ್ಟೆಯ ಚರ್ಮ ಸೀಳಿಕೊಂಡು ಹೊರಗೆ ಬರತೊಡಗಿತು. ವಾರ್ಡಿನಲ್ಲಿ ಇದಕ್ಕೆ 'ನಲ್ಲಿ' ಎಂದೇ ಹೆಸರು. ಈ ನಲ್ಲಿಯಲ್ಲಿ ಬರುವುದು ಊಟ ಅರಗಿಸುವ ರಸ. ಚರ್ಮಕ್ಕೆ ತಾಗಿದರೆ ಚರ್ಮವನ್ನೂ ಅರಗಿಸುತ್ತದೆ, ಅದಕ್ಕೇ ಚೀಲ. ಸೋಂಕು ಇಳಿದು ಮೈಗೆ ಅನ್ನ ಹತ್ತಿದರೆ ಎಷ್ಟೋ ನಲ್ಲಿಗಳು ತಾವಾಗಿಯೇ ಮುಚ್ಚುತ್ತವೆ. ಇವರ ತೂತು ಸಣ್ಣ ಕರುಳಿನ ತೀರಾ ಕೆಳಗಡೆ ಇದೆ, ಚೆನ್ನಾಗಿ ತಿನ್ನಲಿ ಎಂದು ಡಾಕ್ಟರು ಹೇಳಿದ್ದಾರೆ.

ಹಾಸನದ ಜಲಜಾಗೆ ಈ ಕೆಲಸ ಯಾರೂ ಕೂರಿಸಿ ಕಲಿಸಲಿಲ್ಲ. "ಆಗ ಚೀಲ ಎಲ್ಲಿತ್ತು? ತರಕಾರಿ ಕವರು, ಸತುವಿನ ಮುಲಾಮು, ಪಟ್ಟಿ. ಅಷ್ಟೇ." ಆಮೇಲೆ ಚೀಲ ಬಂತು, ಅದರ ಹಿಂದೆ ತರಬೇತಿಯೂ ಬಂತು. ಅದಕ್ಕೆಂದು ಮುಂಬೈಗೆ ಹೋದದ್ದು ಮಾತ್ರ ಇದೇ ವಾರ್ಡಿನ ಇನ್ನೊಬ್ಬ ಸಿಸ್ಟರ್, ಮದುರೈನ ವಸಂತಿ.

"ಹೊಟ್ಟೆ ಉರೀತು. ಸುಳ್ಳು ಯಾಕೆ ಹೇಳಲಿ? ಈಗ ರೌಂಡ್ಸಲ್ಲಿ ಎಲ್ಲರ ಬಾಯಲ್ಲೂ 'ವಸಂತಿ ಕೋ ಬುಲಾವೋ', ವಸಂತೀನ ಕರೀರಿ ಅಂತ. ನಾನೇನು ಮಂಚದ ಕಾಲಾ?"

ವಸಂತಿ ರೋಗಿಯನ್ನು ಎಬ್ಬಿಸಿ ಕೂರಿಸಿ, ಹೊಟ್ಟೆ ಎಲ್ಲಿ ಮಡಚುತ್ತದೆಂದು ನೋಡಿ, ಮಡಿಕೆಗೆ ಮೇಣದಂಥ ಪೇಸ್ಟ್ ತುಂಬಿ ಚೀಲ ಅಂಟಿಸುತ್ತಾರೆ. ಜಲಜಾ ಮಲಗಿಸಿಯೇ ಅಂಟಿಸುವವರು. "ಅವಳದು ಮದುವಣಿಗನ್ನ ಹಸೆಗೆ ಕೂರಿಸಿದ ಹಾಗೆ," ಎಂದು ಮೂಗು ಮುರಿಯುತ್ತಾರೆ.

ಆದರೂ ಅನಂತರಾಮರ ಹೊಟ್ಟೆಯ ಮೇಲೆ ಗೆಲ್ಲುತ್ತಿದ್ದದ್ದು ಜಲಜಾ. ವಸಂತಿ ಅಂಟಿಸುವ ಸರದಿಯ ದಿನ ಚೀಲ ಸೋರುತ್ತಿತ್ತು, ಜಲಜಾ ಸರದಿಯ ದಿನ ಒಂದು ಹನಿಯೂ ಇಲ್ಲ. "ಮುಂಬೈ ಸೋರ್ತಿದೆ, ಬಟ್ಟೆ ತನ್ನಿ," ಎಂದು ಜಲಜಾ ವಾರ್ಡಿನ ಓಣಿಯಲ್ಲಿ ಸಾರುವುದು. "ಅಚ್ಛಾ ದೀದಿ, ನಿಮ್ಮ ಕಂಕುಳಿಗೂ ಒಂದು ಸರ್ಟಿಫಿಕೇಟ್ ಕೊಡಿಸೋಣ," ಎಂದು ವಸಂತಿ ಹಿಂದಿಯಲ್ಲಿ ತಿರುಗೇಟು ಕೊಡುವುದು.

ಚೀಲ ಗೆಲ್ಲುತ್ತಿತ್ತು, ಆದರೆ ಅನಂತರಾಮ ಸೊರಗುತ್ತಿದ್ದರು. ತೂತು ಕಿರಿದಾಗಲೊಲ್ಲದು. ಹೀಗೇ ತೂಕ ಇಳಿದರೆ ಉಳಿಯುವುದು ಕಷ್ಟ ಎಂದರು ಡಾಕ್ಟರು. ಮೊನ್ನೆ ಅನಂತರಾಮರ ಹೆಂಡತಿ ಶ್ರೀಲಕ್ಷ್ಮಿ ಜಲಜಾರ ಕೈ ಹಿಡಿದು ಮೂಲೆಗೆ ಕರೆದೊಯ್ದರು.

"ನಿಮ್ಮ ಸರದಿ ದಿನ ಇವರು ತಿನ್ನೋದೇ ಇಲ್ಲ ಸಿಸ್ಟರ್. ನಾನು ತರೋ ಊಟದ ಡಬ್ಬಿ ಪಕ್ಕದ ಮಂಚಕ್ಕೆ ಹೋಗತ್ತೆ. ಹೊಟ್ಟೆಗೆ ಹಾಕದಿದ್ರೆ ನಲ್ಲಿ ಕಟ್ಟತ್ತಂತೆ. ನಮ್ಮ ಕನ್ನಡದವರ ಚೀಲ ಸೋಲಬಾರದಂತೆ."

"ನನ್ನ ಹೊಟ್ಟೆಕಿಚ್ಚಿಗೆ ಅವರ ಹೊಟ್ಟೆ ಒಣಗ್ತಿತ್ತು ನೋಡಿ," ಎಂದು ಜಲಜಾ ಈಗ ಸಣ್ಣ ದನಿಯಲ್ಲಿ ಹೇಳುತ್ತಾರೆ. ಅವತ್ತೇ ವಸಂತಿಯ ಬಳಿ ಹೋಗಿ, "ಕೂರಿಸಿ ಅಂಟಿಸೋದು ಹೇಗೆ, ತೋರಿಸು," ಎಂದರಂತೆ. ವಸಂತಿ ನಗಲಿಲ್ಲ. "ನಕ್ಕಿದ್ರೆ ಚೆನ್ನಾಗಿತ್ತು. ಒಳ್ಳೆಯವಳು ಅಂತ ಬೇರೆ ಒಪ್ಪಿಕೋಬೇಕಾಯ್ತು."

ಬಿಲ್ಲೆಗೆ ಕಾವು ಹತ್ತಿದೆ. ಜಲಜಾ ಅನಂತರಾಮರನ್ನು ಕೂರಿಸಿ, ಮಡಿಕೆ ತುಂಬಿ, ಚೀಲ ಅಂಟಿಸುತ್ತಾರೆ. ಡಬ್ಬಿ ಬಂದಾಗ ಎದುರಿಗೇ ಕೂರುತ್ತಾರೆ. "ಚಲೋ, ತಿನ್ನಿ. ನೀವು ಹಸಿದುಕೊಂಡು ಗೆಲ್ಲಿಸೋದಾದ್ರೆ ನನಗೆ ಆ ಗೆಲುವು ಬೇಡ." ಅನಂತರಾಮ ತಲೆ ತಗ್ಗಿಸಿ ಎರಡು ಚಪಾತಿ, ಬೇಳೆ, ಮೊಸರನ್ನ ಮುಗಿಸುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಚೀಲದ ಅಂಚು ಒದ್ದೆ. ಅನಂತರಾಮ ತಪ್ಪು ಮಾಡಿದವರಂತೆ ನೋಡುತ್ತಾರೆ. ಜಲಜಾ ಬಿಸಿನೀರಲ್ಲಿ ಚರ್ಮ ಒರೆಸುತ್ತಾ ಹೇಳುತ್ತಾರೆ:

"ಸೋರಲಿ ಬಿಡಿ, ಹೊಟ್ಟೆ ತುಂಬಾ ಉಂಡಿದ್ದೀರಿ. ನಾಳೆ ವಸಂತಿ ಸರದಿ. ಮೂರು ಚಪಾತಿ ತಿನ್ನಿಸ್ತೀನಿ. ನೋಡೇಬಿಡೋಣ, ಅವಳದು ಹೇಗೆ ತಡೆಯತ್ತೆ ಅಂತ."