ಪಾಸ್‌ವರ್ಡ್ ನೋಡದವರು

ಅವರ ಬಲಗೈ ತೋರುಬೆರಳು ಅರ್ಧಕ್ಕೇ ಮುಗಿಯುತ್ತಿತ್ತು. ಮೊಬೈಲಿನ ಮೇಲೆ ನಡುಬೆರಳನ್ನೇ ಆಡಿಸುತ್ತಿದ್ದರು, ಒಂದೊಂದು ಅಕ್ಷರವನ್ನೂ ಬಾಯಲ್ಲಿ ಹೇಳಿಕೊಳ್ಳುತ್ತ. ಕೊಡಗಿನವರು. ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಲ್ಲಿದ್ದು ನಿವೃತ್ತರಾದ ಮೇಲೆ ದೆಹಲಿಯ ಮಯೂರ್ ವಿಹಾರ್‌ನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ಹೆಂಡತಿಯೊಡನೆ ಇದ್ದರು. ಅವರ ಮೇಲಿನ ಫ್ಲ್ಯಾಟಿನಲ್ಲಿ ನಾನು ಬಾಡಿಗೆಗಿದ್ದೆ. ಅಂಕಲ್, ಆಂಟಿ ಎನ್ನುತ್ತಿದ್ದೆ.

ಅಮ್ಮ ತೀರಿಕೊಂಡ ವಾರ, ಮೊಬೈಲಿನಲ್ಲಿದ್ದ ಅವಳ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿಕೊಳ್ಳಲು ಹೋಗಿ ಸೋತು ಅಳುತ್ತ ಕೂತಿದ್ದೆ. ಅಂಕಲ್ ಬಂದು ಎರಡನ್ನೂ ನೋಡಿ, "ಮೊಬೈಲು ಗೆಸ್ಟ್ ವೈಫೈಯಲ್ಲಿದೆ, ಕಂಪ್ಯೂಟರು ಮನೆಯ ವೈಫೈಯಲ್ಲಿದೆ. ಅವು ಹೇಗಮ್ಮಾ ಮಾತಾಡಿಕೊಳ್ತವೆ?" ಎಂದರು. ನಾನು ಪಾಸ್‌ವರ್ಡ್ ಹೇಳಹೋದೆ.

"ನನಗೆ ಹೇಳಬೇಡ, ನೀನೇ ಹಾಕು" ಎಂದು ಎದ್ದು ಗೋಡೆಯ ಕಡೆ ತಿರುಗಿ ನಿಂತರು. ಆಯ್ತು ಎಂದ ಮೇಲೆಯೇ ಈಚೆ ತಿರುಗಿದ್ದು. ಅಮ್ಮನ ಫೋಟೊಗಳು ಒಂದೊಂದಾಗಿ ಬರತೊಡಗಿದಾಗ ಅದನ್ನೂ ನೋಡದೆ ಮೆಲ್ಲಗೆ ಹೊರಟುಹೋದರು.

ಎಷ್ಟೋ ಮನೆಗಳಲ್ಲಿ ಅವರು ಹೀಗೆ ಗಂಟೆಗಟ್ಟಲೆ ಕೂತು ಸರಿಮಾಡಿಕೊಟ್ಟಿದ್ದರು. "ಮೊದಲು ರೂಟರ್ ಆಫ್ ಮಾಡಿ ಆನ್ ಮಾಡೋಣ, ಬೈಯೋದು ಆಮೇಲೆ ಇದ್ದೇ ಇದೆ" ಎನ್ನುತ್ತಿದ್ದರು.

ಒಮ್ಮೆ ಸೊಸೈಟಿ ಸೆಕ್ರೆಟರಿಯ ಮಗಳು ಗೆಳೆಯನ ಜೊತೆಗಿದ್ದ ಫೋಟೊಗಳು ಅವರ ನೆಂಟರ ವಾಟ್ಸಾಪಿನಲ್ಲೆಲ್ಲ ಹರಿದಾಡಿದವು. ಅದರ ಹಿಂದಿನ ವಾರವಷ್ಟೇ ಆ ಮನೆಯ ಮೊಬೈಲು, ಕಂಪ್ಯೂಟರು ಜೋಡಿಸಿಕೊಟ್ಟವರು ಅಂಕಲ್. ಭಾನುವಾರ ಮೀಟಿಂಗ್ ಕರೆದು ಸೆಕ್ರೆಟರಿ ಎಲ್ಲರೆದುರು ಅವರನ್ನು ಫೋಟೊ ಕದ್ದ ಕಳ್ಳನೆಂದರು.

ಅಂಕಲ್ ನನ್ನ ಕಡೆ ತಿರುಗಿದರು. "ನೀನೇ ಹೇಳಮ್ಮಾ. ನಿನ್ನ ಪಾಸ್‌ವರ್ಡ್ ಯಾವತ್ತಾದರೂ ನೋಡಿದ್ದೀನಾ?"

ನನ್ನ ಬಾಡಿಗೆ ಕರಾರು ಮುಂದುವರಿಯಲು ಸೆಕ್ರೆಟರಿಯ ಸಹಿ ಬೇಕಿತ್ತು. ನನಗೇನೂ ಗೊತ್ತಿಲ್ಲ ಎಂದುಬಿಟ್ಟೆ. ಅವರು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಹೇಳಿದೆ, ಎಲ್ಲರಿಗೂ ಕೇಳುವಂತೆ.

ತಿಂಗಳಾದ ಮೇಲೆ ನಿಜ ಹೊರಬಿತ್ತು. ಮಗಳ ಮೇಲೆ ಕಣ್ಣಿಡಲು, ಅವಳ ಮೊಬೈಲಿನ ಫೋಟೊಗಳೆಲ್ಲ ತಾವಾಗಿ ಕಂಪ್ಯೂಟರಿಗೆ ಬರುವಂತೆ ಸೆಕ್ರೆಟರಿಯೇ ಮಾಡಿಕೊಂಡಿದ್ದರು. ಮನೆಗೆ ಬಂದಿದ್ದ ಬಾಮೈದ ಅವನ್ನು ನೋಡಿ ನಾಲ್ಕು ಜನಕ್ಕೆ ಕಳಿಸಿದ್ದ. ಇದು ತಿಳಿದರೂ ಅಂಕಲ್ ಬಾಗಿಲಿಗೆ ಹೋಗಿ ತಪ್ಪಾಯಿತೆಂದವರು ಯಾರೂ ಇಲ್ಲ. ನಾನೂ ಹೋಗಲಿಲ್ಲ. ಅಷ್ಟರಲ್ಲಿ ನನ್ನ ಕಾಗದಕ್ಕೆ ಸಹಿ ಬಿದ್ದಿತ್ತು.

ಆಮೇಲೆ ಅವರು ಯಾರ ಮನೆಗೂ ಹೋಗಲಿಲ್ಲ. ಲಿಫ್ಟಿನ ಬಳಿ ನನ್ನನ್ನು ಕಂಡರೆ ಮೆಟ್ಟಿಲು ಹಿಡಿಯುತ್ತಿದ್ದರು. ಆ ಚಳಿಗಾಲದಲ್ಲೇ, ಹಾಲು ತರಲು ಹೊರಟವರು ಗೇಟಿನ ಬಳಿ ಕುಸಿದು ತೀರಿಕೊಂಡರು.

ಆಂಟಿಯ ಪಕ್ಕ ಕೂತಾಗ ತಡೆಯಲಾಗದೆ ಕೇಳಿದೆ. "ಆ ಮೀಟಿಂಗ್ ದಿನ ನನ್ನ ಬಗ್ಗೆ ಏನಾದರೂ ಅಂದರಾ?"

"ನಾನು ನಿನ್ನ ಬೈದೆ," ಎಂದರು ಆಂಟಿ, ನನ್ನ ಮುಖ ನೋಡದೆ. "ಅವರೇ ತಡೆದರು. ಒಂಟಿ ಹುಡುಗಿ, ಮನೆ ಬಿಡಿಸಿದರೆ ಎಲ್ಲಿಗೆ ಹೋಗ್ತಾಳೆ, ಸುಮ್ಮನಿರು ಅಂದರು."

ಅವರೂ ಬೈದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.